ಕೆಂಡಕ್ಕೆ ನೀರೆರೆದು ದೀಪ ಹಚ್ಚಿದ ಊರು

ಕೆಂಡದ ಮೇಲೆ ನೀರು ಸುರಿದರೆ ಏನಾಗುತ್ತದೆ? ಚುಂಯ್ ಎಂದು ಆರಿಹೋಗುತ್ತದೆ, ಇನ್ನೇನು! ಆದರೆ ಕಮ್ಮಾರನನ್ನು ಒಮ್ಮೆ ಕೇಳಿ ನೋಡಿ. ತಿದಿ ಒತ್ತಿ ಒತ್ತಿ ಬೆಳ್ಳಗೆ ಕಾಯಿಸಿದ ಕುಲುಮೆಗೆ ಒಂದಿಷ್ಟು ನೀರು ಚಿಮುಕಿಸಿದಾಗ ಇದ್ದಿಲ ಸಂದಿಯಿಂದ ನೀಲಿ ನಾಲಗೆಗಳು ಏಳುವುದನ್ನು ಅವನು ಕಂಡಿರುತ್ತಾನೆ. ಆ ನೀಲಿ ಉರಿಯನ್ನೇ ಕೊಳವೆಗೆ ತುಂಬಿ ಮಹಾನಗರದ ಮನೆಮನೆಗೆ ಹರಿಸಿದ ಊರು ನ್ಯೂಯಾರ್ಕ್!

ನಡೆಯುವುದು ಇಷ್ಟೆ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಕಾದ ಕೋಕ್ ಎಂಬ ಕಲ್ಲಿದ್ದಲಿನ ಇದ್ದಿಲ ರಾಶಿಯೊಳಗೆ ಹಬೆ ನುಗ್ಗಿಸಬೇಕು. ಇಂಗಾಲಕ್ಕೆ ಆಮ್ಲಜನಕವೆಂದರೆ ಎಂಥ ಹಸಿವು ಅಂತೀರಿ! ನೀರಿನೊಳಗಿಂದಲೇ ಅದನ್ನು ಕಿತ್ತುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗಿಬಿಡುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಎರಡೂ ಉರಿಯುವ ಅನಿಲಗಳೇ. ಇಂದು ಸಿನ್‌ಗ್ಯಾಸ್ ಎನ್ನುವ ಈ ಜೋಡಿಗೆ ಅಂದಿನವರ ಹೆಸರು ವಾಟರ್ ಗ್ಯಾಸ್.

ಆದರೆ ಈ ಕ್ರಿಯೆ ಕೆಂಡದ ಕಾವನ್ನೇ ನುಂಗುತ್ತದೆ. ಕೆಲವು ನಿಮಿಷ ಹಬೆ ಬಿಟ್ಟರೆ ಕೋಕ್ ಮಂಕಾಗುತ್ತದೆ. ಆಗ ಹಬೆ ನಿಲ್ಲಿಸಿ ಗಾಳಿ ಊದಬೇಕು, ಮತ್ತೆ ಬೆಳ್ಳಗಾದ ಮೇಲೆ ಹಬೆ. ಗಾಳಿ, ಹಬೆ, ಗಾಳಿ, ಹಬೆ. ಹಗಲೂ ರಾತ್ರಿ ಉಸಿರಾಡುವ ಕಬ್ಬಿಣದ ದೈತ್ಯ!

ನೀಲಿ ಉರಿಯಲ್ಲಿ ಕಾವಿದೆ, ಬೆಳಕಿಲ್ಲ. 1870ರ ದಶಕದಲ್ಲಿ ಇದಕ್ಕೆ ದಾರಿ ಕಂಡವನು ಥ್ಯಾಡಿಯಸ್ ಲೋ. ಅಮೆರಿಕದ ಅಂತರ್ಯುದ್ಧದಲ್ಲಿ ಜಲಜನಕದ ಬಲೂನು ಏರಿ ಶತ್ರುಸೇನೆಯನ್ನು ಇಣುಕಿ ನೋಡಿದ್ದವನು! ಕಾದ ಇಟ್ಟಿಗೆಗಳ ಗೂಡಿನಲ್ಲಿ ಈ ಅನಿಲಕ್ಕೆ ಎಣ್ಣೆ ಚಿಮುಕಿಸಿದ. ಎಣ್ಣೆ ಒಡೆದು ಅನಿಲದಲ್ಲಿ ಬೆರೆಯಿತು, ನೀಲಿ ಜ್ವಾಲೆ ಹಳದಿಯಾಗಿ ಬೆಳಗಿತು.

1884ರಲ್ಲಿ ನ್ಯೂಯಾರ್ಕಿನ ಆರು ಗ್ಯಾಸ್ ಕಂಪನಿಗಳು ಕೂಡಿ ಕನ್ಸಾಲಿಡೇಟೆಡ್ ಗ್ಯಾಸ್ ಆದವು. ನ್ಯೂಯಾರ್ಕಿಗೆ ವಿದ್ಯುತ್ತು, ಅನಿಲ ಪೂರೈಸುವ ಇಂದಿನ ಕಾನ್ ಎಡಿಸನ್ ಕಂಪನಿಯ ಮೂಲ ಅದೇ. ಮ್ಯಾನ್‌ಹಟನ್ನಿನ ಪೂರ್ವ ದಂಡೆಯ ಒಂದು ಭಾಗಕ್ಕೆ ಗ್ಯಾಸ್ ಹೌಸ್ ಡಿಸ್ಟ್ರಿಕ್ಟ್ ಎಂದೇ ಹೆಸರು ನಿಂತಿತು. ಅಲ್ಲಿನ ಗ್ಯಾಸ್ ತೊಟ್ಟಿಗಳನ್ನು ಕಲ್ಪಿಸಿಕೊಳ್ಳಿ: ನೀರಿನಲ್ಲಿ ಬೋರಲು ಹಾಕಿದ ಕಬ್ಬಿಣದ ಕೊಪ್ಪರಿಗೆಗಳು, ಅನಿಲ ತುಂಬಿದಂತೆ ಮೇಲೇಳುತ್ತವೆ, ಸಂಜೆ ಊರು ದೀಪ ಹಚ್ಚಿ ಒಲೆ ಹೊತ್ತಿಸಿದಂತೆ ಕೆಳಗಿಳಿಯುತ್ತವೆ. ಇಡೀ ಊರಿನ ಹಸಿವನ್ನು ದೂರದಿಂದಲೇ ಅಳೆಯಬಹುದಿತ್ತು! ಹಡ್ಸನ್ ಆಚೆ ನ್ಯೂಜೆರ್ಸಿಯ ನ್ಯೂವರ್ಕ್, ಜೆರ್ಸಿ ಸಿಟಿಗಳಲ್ಲೂ ಹೀಗೆಯೇ ಅನಿಲ ತಯಾರಾಗುತ್ತಿತ್ತು. ಅದೇ ಕೊಳವೆಯಲ್ಲಿ ಸಾವೂ ಹರಿಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಉಸಿರಿನಲ್ಲಿ ಹೆಚ್ಚು ಸೇರಿದರೆ ಜೀವ ಉಳಿಯುವುದು ಕಷ್ಟ.

1950ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನಿಂದ ನೈಸರ್ಗಿಕ ಅನಿಲದ ಕೊಳವೆ ಬಂತು, ಈ ಕುಲುಮೆಗಳು ತಣ್ಣಗಾದವು. ಗ್ಯಾಸ್ ಹೌಸ್ ಡಿಸ್ಟ್ರಿಕ್ಟಿನ ದೊಡ್ಡ ಭಾಗದಲ್ಲಿ ಅದಕ್ಕೂ ಮೊದಲೇ ಸ್ಟೈವೆಸೆಂಟ್ ಟೌನ್‌ನ ಇಟ್ಟಿಗೆ ಬಣ್ಣದ ವಸತಿ ಕಟ್ಟಡಗಳು ಎದ್ದಿದ್ದವು.

ಅನಿಲ ಮಾತ್ರ ಸಾಯಲಿಲ್ಲ! ಇದೇ ಜೋಡಿಯ ಜಲಜನಕಕ್ಕೆ ಸಾರಜನಕ ಸೇರಿಸಿದರೆ ಅಮೋನಿಯಾ, ಅಮೋನಿಯಾದಿಂದ ಯೂರಿಯಾ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ದಶಕಗಳ ಕಾಲ ನಾಫ್ತಾ ಎಂಬ ಪೆಟ್ರೋಲಿಯಂ ದ್ರವವನ್ನು ಹಬೆಯೊಡನೆ ಕಾಯಿಸಿ ಇದನ್ನೇ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆ ತುಂಡುಗಳಿಂದ ಇದರ ಬಂಧುವನ್ನೇ, ಅಂದರೆ ಪ್ರೊಡ್ಯೂಸರ್ ಗ್ಯಾಸನ್ನು, ತೆಗೆದು ಎಂಜಿನ್ ಓಡಿಸಿ ಮನೆಗಳಿಗೆ ಬಲ್ಬು ಹೊತ್ತಿಸಿದರು. ಮ್ಯಾನ್‌ಹಟನ್ನಿಗೂ ಹೊಸಹಳ್ಳಿಗೂ ಬೆಳಕು ಕೊಟ್ಟದ್ದು ಒಂದೇ ಇಂಗಾಲದ ಹಸಿವು!

ಮತ್ತೆ ನ್ಯೂಯಾರ್ಕಿಗೆ ಮರಳಿದರೆ, ಅಲ್ಲಿನ ಬ್ರೂಕ್ಲಿನ್ನಿನ ಗೊವಾನಸ್ ಕಾಲುವೆಯ ದಂಡೆಯಲ್ಲಿ ಅಂದಿನ ಮೂರು ಗ್ಯಾಸ್ ಕಾರ್ಖಾನೆಗಳ ನೆಲವಿದೆ. ಅವು ಬಿಟ್ಟುಹೋದ ಟಾರು ಇನ್ನೂ ಮಣ್ಣಿನಾಳದಲ್ಲಿದೆ. 2010ರಲ್ಲಿ ಅಮೆರಿಕ ಸರ್ಕಾರ ಕಾಲುವೆಯನ್ನು ವಿಷಮಯ ತಾಣಗಳನ್ನು ಶುಚಿಗೊಳಿಸುವ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು, 2020ರಲ್ಲಿ ಹೂಳೆತ್ತುವ ಕೆಲಸ ಶುರುವಾಯಿತು. ಹೂಳು ತೆಗೆಯದ ಕಡೆ ತಳದಿಂದ ಒಂದು ಗುಳ್ಳೆ ಮೇಲೇರಿ ಒಡೆದರೆ, ಮರುಕ್ಷಣವೇ ನೀರಿನ ಮೇಲೆ ನೀಲಿ, ನೇರಳೆ, ಚಿನ್ನದ ಬಣ್ಣಗಳು ಹರಡಿಕೊಳ್ಳುತ್ತವೆ.