ಒಂದು ಖಾಲಿ ಜಾಗದ ಅವಾಂತರ

ತಾಂಡ್ಯದವರಿಗೆ ‘ನಂಜನಗೂಡು ರಸಬಾಳೆ’ ಎಂದರೆ ಒಂದೇ ಹಣ್ಣು. ಆದರೆ ಆ ಹೆಸರಿನ ಕಡತವನ್ನು ಅಳಿಸುವಂತೆ ಕಂಪ್ಯೂಟರಿಗೆ ಆದೇಶ ಬರೆದು ನೋಡಿ. ನಡುವಿನ ಖಾಲಿ ಜಾಗ ಕಂಡು ಅದು ‘ನಂಜನಗೂಡು’, ‘ರಸಬಾಳೆ’ ಎಂಬ ಎರಡು ಕಡತಗಳನ್ನು ಹುಡುಕುತ್ತದೆ! ಅಂಥವು ಇದ್ದರೆ ಅಳಿಸಿಯೇಬಿಡುತ್ತದೆ.

2001ರ ನವೆಂಬರಿನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ 2.0 ಬಿಡುಗಡೆ ಮಾಡಿದಾಗ ಆದದ್ದೂ ಇಂಥದ್ದೇ. ಡಿಸ್ಕಿನ ಹೆಸರಿನಲ್ಲಿ ಖಾಲಿ ಜಾಗವಿದ್ದ ಕೆಲವರ ಮಾಹಿತಿ ಅಳಿಸಿಹೋಯಿತು. ಆದೇಶದಲ್ಲಿ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ, ಅಷ್ಟೆ.

ಚಿಹ್ನೆಯೊಳಗಿಟ್ಟ ಹೆಸರು ಒಡೆಯುವುದಿಲ್ಲ. ಹೆಸರಿನಲ್ಲೇ ಆ ಚಿಹ್ನೆ ಇದ್ದರೆ? ಆಗ ಅದಕ್ಕೂ ರಕ್ಷಣೆ ಬೇಕು. ಆದ್ದರಿಂದ ಒಂದು ಪ್ರೋಗ್ರಾಮಿನಿಂದ ಮತ್ತೊಂದನ್ನು ನಡೆಸುವಾಗ ಎಲ್ಲವನ್ನೂ ಒಂದೇ ಸಾಲಾಗಿ ಹೊಸೆಯದೆ, ಪ್ರತಿ ಹೆಸರನ್ನೂ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಒಪ್ಪಿಸುವುದೇ ಕ್ಷೇಮ.