ಗಣಕ ಕ್ಷೇತ್ರದ ಸರ್ಟಿಫಿಕೇಟುಗಳು: ಬೆಳೆಗಾರರ ಮಕ್ಕಳಿಗೆ ಎಷ್ಟರಮಟ್ಟಿಗೆ ಪ್ರಯೋಜನ?

ಮಳೆಗಾಲದ ಮುಂಚೆ ಗೊಬ್ಬರಕ್ಕೂ ಮೈಲುತುತ್ತಕ್ಕೂ ಸಾಲದ ಅರ್ಜಿ ಹಿಡಿದು ಬರುವ ಸದಸ್ಯರ ನಡುವೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಅರ್ಜಿದಾರರೂ ಕಾಣಿಸಿಕೊಳ್ಳುತ್ತಿದ್ದಾರೆ. ಮಗನೋ ಮಗಳೋ ಬಿ.ಎಸ್ಸಿ., ಬಿ.ಸಿ.ಎ. ಅಥವಾ ಇಂಜಿನಿಯರಿಂಗ್ ಮುಗಿಸಿದ್ದಾರೆ. ಕೆಲಸ ಸಿಕ್ಕಿಲ್ಲ. ಬೆಂಗಳೂರಿನ ಯಾವುದೋ ತರಬೇತಿ ಸಂಸ್ಥೆಯವರು ಆರು ತಿಂಗಳ ಕೋರ್ಸು, ಕೊನೆಗೆ ಸರ್ಟಿಫಿಕೇಟು, ಅದರ ಮೇಲೆ ಉದ್ಯೋಗ ಖಾತ್ರಿ ಎಂದು ಹೇಳಿದ್ದಾರೆ. ಒಂದೂವರೆ ಲಕ್ಷ ರೂಪಾಯಿ ಕಟ್ಟಬೇಕು. ದಾಸ್ತಾನಿನಲ್ಲಿರುವ ಮೆಣಸಿನ ಮೇಲೆ ಮುಂಗಡ ಸಿಗಬಹುದೇ ಎಂಬುದು ಪ್ರಶ್ನೆ. ಎಲೆಚುಕ್ಕಿ ರೋಗದಿಂದ ಅಡಿಕೆಯ ಫಸಲು ಅರ್ಧಕ್ಕಿಳಿದ ಮನೆಗೆ ಇದು ಹಗುರವಾದ ಮೊತ್ತವಲ್ಲ. ಆದಕಾರಣ ಈ ಸರ್ಟಿಫಿಕೇಟುಗಳೆಂದರೆ ಏನು, ಅವುಗಳಿಗೆ ನಿಜವಾಗಿ ತಗಲುವ ಖರ್ಚೆಷ್ಟು ಎಂಬ ಬಗ್ಗೆ ವಿಚಾರಿಸಿ ತಿಳಿದುಕೊಂಡದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ತರಬೇತಿ ಸಂಸ್ಥೆ ಕೊಡುವ ಕಾಗದವೇ ಬೇರೆ, ಗಣಕ ಕಂಪನಿಗಳು ಕೇಳುವ ಸರ್ಟಿಫಿಕೇಟೇ ಬೇರೆ. ಸಂಸ್ಥೆಯದ್ದು 'ಇವರು ನಮ್ಮಲ್ಲಿ ಹಾಜರಾಗಿದ್ದರು' ಎಂಬ ಒಕ್ಕಣೆ, ಅಷ್ಟೆ. ಕಂಪನಿಗಳು ಕೇಳುವುದು ಆಯಾ ಯಂತ್ರ ಅಥವಾ ತಂತ್ರಾಂಶ ತಯಾರಿಸಿದವರೋ, ಸ್ವತಂತ್ರ ಪರೀಕ್ಷಾ ಮಂಡಲಿಯೋ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ದಾಖಲೆಯನ್ನು. ಅದಕ್ಕೆ ಗುರುತಿನ ಸಂಖ್ಯೆ ಇರುತ್ತದೆ. ಉದ್ಯೋಗ ಕೊಡುವವರು ಅದನ್ನು ಕುಳಿತಲ್ಲಿಂದಲೇ ತಾಳೆ ನೋಡಬಲ್ಲರು. ಈ ಪರೀಕ್ಷೆಗಳಲ್ಲಿ ಬಹುಪಾಲಿಗೆ ಯಾವ ಸಂಸ್ಥೆಯಲ್ಲೂ ಓದಿರಬೇಕೆಂಬ ಕಟ್ಟಳೆಯಿಲ್ಲ. ಮನೆಯಲ್ಲಿ ಓದಿ ಶುಲ್ಕ ಕಟ್ಟಿ ಕೂರಬಹುದು. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಮನೆಗಳ ಹಣ ಹೋಗಿದೆ.

ಹೊಸಬರಿಗೆ ಹೊಂದುವಂಥವು ನಾಲ್ಕಾರು ಇವೆ. ಕಂಪ್ಯೂಟರು ರಿಪೇರಿ, ಬಳಕೆದಾರರ ತೊಂದರೆ ನಿವಾರಣೆಯ ಕೆಲಸಕ್ಕೆ ಕಾಂಪ್ಟಿಯಾ ಮಂಡಲಿಯ 'ಎ ಪ್ಲಸ್'. ಇದು 1993ರಿಂದ ಇದೆ, ಎರಡು ಪತ್ರಿಕೆ ಬರೆಯಬೇಕು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಜಾಲವಿದ್ಯೆಗೆ ಸಿಸ್ಕೋ ಕಂಪನಿಯ ಸಿಸಿಎನ್ಎ. 1998ರಲ್ಲಿ ಆರಂಭವಾದ ಇದು ಇಂದಿಗೂ ಜಾಲದ ಕೆಲಸಕ್ಕೆ ಬಾಗಿಲು ತೆರೆಯುವ ಬೀಗದ ಕೈ. ದೂರದ ದೊಡ್ಡ ಗಣಕಕೋಠಿಗಳನ್ನು ಬಾಡಿಗೆಗೆ ಪಡೆದು ಬಳಸುವ 'ಕ್ಲೌಡ್' ವಿದ್ಯೆಗೆ ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಪರೀಕ್ಷೆಗಳು. ಲಿನಕ್ಸ್ ವ್ಯವಸ್ಥೆಗೆ ರೆಡ್ ಹ್ಯಾಟ್‌ನವರ ಆರ್‌ಹೆಚ್‌ಸಿಎಸ್ಎ.

ಈ ಕೊನೆಯದರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದರಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುವ ಪದ್ಧತಿಯೇ ಇಲ್ಲ. ಅಭ್ಯರ್ಥಿಯ ಮುಂದೆ ಒಂದು ವ್ಯವಸ್ಥೆಯನ್ನಿಟ್ಟು, ಇಂಥಿಂಥ ಬಳಕೆದಾರರನ್ನು ಸೇರಿಸು, ಡಿಸ್ಕನ್ನು ಹೀಗೆ ವಿಭಾಗಿಸು, ಮರೆತುಹೋದ ಪಾಸ್‌ವರ್ಡನ್ನು ಬದಲಿಸು ಎಂದು ಕೆಲಸ ಒಪ್ಪಿಸುತ್ತಾರೆ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದ ಮೇಲೂ ಮಾಡಿದ ಕೆಲಸ ನಿಂತಿರಬೇಕು. ಕ್ಯೂರಿಂಗ್ ವರ್ಕ್ಸಿಗೆ ನಾವು ಕಳಿಸಿದ ಚೀಲ ಎಷ್ಟೇ ತೂಗಲಿ, ಕೊನೆಗೆ ಲೆಕ್ಕಕ್ಕೆ ಬರುವುದು ಔಟ್‌ಟರ್ನ್ ಅಲ್ಲವೇ? ಇಲ್ಲಿಯೂ ಅಷ್ಟೆ. ಗುರುತು ಹಾಕುವ ಪರೀಕ್ಷೆಗಳನ್ನು ಪಾಸು ಮಾಡಿದವರಿಗೂ ಈ ಔಟ್‌ಟರ್ನ್ ತಪ್ಪುವುದಿಲ್ಲ. ಅವರದ್ದು ಸಂದರ್ಶನದ ಕೊಠಡಿಯಲ್ಲಿ ನಡೆಯುತ್ತದೆ.

ಪೇಟೆಯಲ್ಲಿ 'ಡಂಪ್ಸ್' ಎಂಬ ಹೆಸರಿನಲ್ಲಿ ಹಳೆಯ ಪ್ರಶ್ನೆಗಳನ್ನು ಕದ್ದು ಮಾರುವವರಿದ್ದಾರೆ. ಬಾಯಿಪಾಠ ಮಾಡಿ ಪಾಸಾದವರುಂಟು. ಕಂಪನಿಗಳಿಗೆ ಪತ್ತೆಯಾದರೆ ಸರ್ಟಿಫಿಕೇಟು ರದ್ದು, ಮುಂದೆ ಪರೀಕ್ಷೆಗೆ ಕೂರಲೂ ನಿಷೇಧ. ಹಸಿ ಕಾಳಿಗೆ ಬಣ್ಣ ಹಚ್ಚಿ ಒಣಕಾಳೆಂದು ಮಾರಿದವನ ಪಾಡೇ ಅವನದೂ ಆಗುತ್ತದೆ.

ಇದು ಹೊಸ ಕಾಯಿಲೆಯೇನಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ನೋವೆಲ್ ಕಂಪನಿಯ ಸಿಎನ್ಇ ಪದವಿಗೆ ಎಲ್ಲಿಲ್ಲದ ಬೇಡಿಕೆ. ನೋವೆಲ್‌ನ ನೆಟ್‌ವೇರ್ ಮಾರುಕಟ್ಟೆ ಕಳೆದುಕೊಂಡಾಗ ಆ ಪದವಿಯೂ ಬೆಲೆ ಕಳೆದುಕೊಂಡಿತು. ಆ ದಶಕದ ಕೊನೆಗೆ ಮೈಕ್ರೋಸಾಫ್ಟ್‌ನ ಎಂಸಿಎಸ್ಇ ಸರದಿ. ಕೆಲಸ ಬಾರದವರೂ ಅದನ್ನು ಗಳಿಸಿದ್ದರಿಂದ 'ಕಾಗದದ ಎಂಸಿಎಸ್ಇ' ಎಂಬ ಅಡ್ಡಹೆಸರೇ ಹುಟ್ಟಿಕೊಂಡಿತು. ಮುಂದೆ ಆ ಹೆಸರಿನ ಪದವಿಯನ್ನು ಕಂಪನಿಯೇ 2021ರ ಜನವರಿ ಕೊನೆಗೆ ನಿಲ್ಲಿಸಿಬಿಟ್ಟಿತು. 2003ರ ವೆನಿಲಾ ಭರಾಟೆಯನ್ನೂ ಅನಂತರ ಬಳ್ಳಿ ಕಿತ್ತು ಎಸೆದುದನ್ನೂ ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ಸಿಎನ್ಇ ಓದುವಾಗ ಜಾಲದ ಮೂಲತತ್ವಗಳನ್ನು ಕಲಿತವರು ಸಿಸ್ಕೋ ಕಡೆಗೆ ಸರಿದು ಬದುಕಿಕೊಂಡರು. ಬರೀ ಹೆಸರನ್ನು ಕೊಂಡವರು ಅಲ್ಲೇ ಉಳಿದರು.

ಹಾಗಾದರೆ ಕಂಪನಿಗಳು ಇವನ್ನು ಕೇಳುವುದಾದರೂ ಏಕೆ? ಅರ್ಜಿಗಳ ರಾಶಿಯನ್ನು ಜರಡಿ ಹಿಡಿಯಲು ಸುಲಭವೆಂಬುದು ಒಂದು. ಇನ್ನೊಂದು ಅಷ್ಟಾಗಿ ಹೊರಗೆ ತಿಳಿಯದ್ದು. ಅಮೆಜಾನ್, ಮೈಕ್ರೋಸಾಫ್ಟ್‌ನಂಥವರು ತಮ್ಮ ಪಾಲುದಾರ ಸಂಸ್ಥೆಗಳಿಗೆ ದರ್ಜೆ ಕೊಡುವಾಗ, ಅಲ್ಲಿ ಸರ್ಟಿಫಿಕೇಟು ಹೊಂದಿದ ನೌಕರರು ಎಷ್ಟಿದ್ದಾರೆಂದು ಎಣಿಸುತ್ತಾರೆ. ಹೀಗಾಗಿ ಕೆಲಸಕ್ಕೆ ಸೇರಿದ ಮೇಲೆ ಮುಂದಿನ ಪರೀಕ್ಷೆಗಳ ಶುಲ್ಕವನ್ನು ಎಷ್ಟೋ ಕಡೆ ಕಂಪನಿಯೇ ಕೊಡುತ್ತದೆ. ಆದ್ದರಿಂದ ಹುಡುಗರು ಒಂದೇ ಸಾರಿಗೆ ನಾಲ್ಕೈದು ಪರೀಕ್ಷೆಗಳಿಗೆ ಅಪ್ಪನ ಹಣ ಸುರಿಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಒಂದನ್ನು ಚೆನ್ನಾಗಿ ಮಾಡಿ ಒಳಗೆ ಕಾಲಿಟ್ಟರೆ ಸಾಕು.

ಖರ್ಚಿನ ಲೆಕ್ಕಕ್ಕೆ ಬರೋಣ. ಸಿಸಿಎನ್ಎ ಶುಲ್ಕ 300 ಡಾಲರು. ತೆರಿಗೆ ಸೇರಿ ನಮ್ಮ ಹಣದಲ್ಲಿ ಮೂವತ್ತು ಸಾವಿರದ ಆಸುಪಾಸು. ಅಮೆಜಾನ್‌ನ ಪ್ರಾರಂಭದ ಹಂತದ್ದು 100 ಡಾಲರು, ಅದರ ಮೇಲಿನ 'ಅಸೋಸಿಯೇಟ್' ಹಂತದ್ದು 150. ಅಲ್ಲಿ ಒಂದನ್ನು ಪಾಸು ಮಾಡಿದರೆ ಮುಂದಿನದಕ್ಕೆ ಅರ್ಧ ಶುಲ್ಕ. ನಪಾಸಾದರೆ 14 ದಿನ ಕಾದು ಪೂರ್ತಿ ಶುಲ್ಕವನ್ನೇ ಮತ್ತೆ ಕಟ್ಟಬೇಕು. ಕಲಿಕೆಯ ಸಾಮಗ್ರಿಯಂತೂ ಬಹಳಷ್ಟು ಪುಕ್ಕಟೆ. ಜಾಲವನ್ನು ಕಾಗದದ ಮೇಲಲ್ಲದೆ ಪರದೆಯ ಮೇಲೆ ಕಟ್ಟಿ ಅಭ್ಯಾಸ ಮಾಡಲು ಸಿಸ್ಕೋದವರ 'ಪ್ಯಾಕೆಟ್ ಟ್ರೇಸರ್' ಉಚಿತ. ಲಿನಕ್ಸ್ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಐಐಟಿಗಳೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು, ಇನ್ಫೋಸಿಸ್‌ನವರ ಸ್ಪ್ರಿಂಗ್‌ಬೋರ್ಡ್ ಪಾಠಗಳು ಮನೆಯಿಂದಲೇ ನೋಡಸಿಗುತ್ತವೆ. ಕ್ಲೌಡ್ ಅಭ್ಯಾಸಕ್ಕೆ ಹೊರಟವರು ಮಾತ್ರ ಒಂದು ಎಚ್ಚರ ವಹಿಸಬೇಕು. ಅಲ್ಲಿ ಹೊತ್ತಿಸಿದ ಯಂತ್ರವನ್ನು ಆರಿಸಲು ಮರೆತರೆ ಬಿಲ್ಲು ಏರುತ್ತಲೇ ಇರುತ್ತದೆ. ತೋಟದ ಪಂಪಿಗೆ ಸರಕಾರ ಕೊಡುವಂಥ ಉಚಿತ ವಿದ್ಯುತ್ತು ಅಲ್ಲಿಲ್ಲ.

ಇಷ್ಟಾದ ಮೇಲೂ ಗುರುಮುಖೇನ ಕಲಿಯಲೇಬೇಕು ಎನ್ನುವವರು ಹೋಗಲಿ, ತಪ್ಪೇನಿಲ್ಲ. ಆದರೆ ಉದ್ಯೋಗ ಖಾತ್ರಿ ಎಂಬ ಮಾತಿಗೆ ಲಿಖಿತ ಕರಾರು ಕೇಳಿ, ಪರೀಕ್ಷಾ ಶುಲ್ಕವನ್ನು ಸಂಸ್ಥೆಯ ಕೈಗೆ ಕೊಡದೆ ನೀವೇ ನೇರವಾಗಿ ಕಟ್ಟಿ. ನಮ್ಮ ಸದಸ್ಯರೊಬ್ಬರು ಕಟ್ಟಿದ ಮೊತ್ತದಲ್ಲಿ ಪರೀಕ್ಷಾ ಶುಲ್ಕವೇ ಸೇರಿರಲಿಲ್ಲವೆಂಬುದು ಕೋರ್ಸು ಮುಗಿದ ಮೇಲೆ ತಿಳಿಯಿತು.

ಮೇಲಕ್ಕೇರುವ ದಾರಿ ನಿಧಾನವಾದುದು. ಹೆಚ್ಚಿನ ಸರ್ಟಿಫಿಕೇಟುಗಳಿಗೆ ಮೂರೇ ವರ್ಷ ಆಯುಷ್ಯ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಹಂತದವಕ್ಕೆ ಒಂದೇ ವರ್ಷ, ನವೀಕರಣ ಉಚಿತ. ಭದ್ರತಾ ವಿಭಾಗದ ಪ್ರತಿಷ್ಠಿತ ಸಿಐಎಸ್ಎಸ್‌ಪಿ ಪರೀಕ್ಷೆ ಪಾಸಾದರೂ ಐದು ವರ್ಷಗಳ ಸೇವಾನುಭವ ತೋರಿಸದೆ ಪೂರ್ಣ ಪದವಿ ಸಿಗದು. ಗಣಕ ಅಥವಾ ಸಂಬಂಧಿತ ವಿಷಯದ ಪದವೀಧರರಿಗೆ ಒಂದು ವರ್ಷದ ರಿಯಾಯಿತಿಯುಂಟು. ಸಿಸ್ಕೋದ ತುತ್ತತುದಿಯಾದ ಸಿಸಿಐಇಗೆ ಎಂಟು ಗಂಟೆಗಳ ಪ್ರಾಯೋಗಿಕ ಪರೀಕ್ಷೆ. ರೊಬಸ್ಟ ಗಿಡದಿಂದ ಎರಡನೇ ವರ್ಷಕ್ಕೇ ಪೂರ್ಣ ಫಸಲು ಬಯಸದ ನಾವು ಮಕ್ಕಳ ವಿಷಯದಲ್ಲಿ ಮಾತ್ರ ಅವಸರಪಡುತ್ತೇವೆ.

ಕಾಲ ಹಿಂದಿನಂತಿಲ್ಲ ಎಂಬುದನ್ನೂ ಬಚ್ಚಿಡಬಾರದು. 2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ಸುಮಾರು 12 ಸಾವಿರ ಮಂದಿಯನ್ನು, ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರನ್ನು, ಕಡಿತಗೊಳಿಸುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಯ ಯಂತ್ರಗಳು ಹೊಸಬರ ಸಣ್ಣಪುಟ್ಟ ಕೆಲಸಗಳನ್ನು ತಾವೇ ಮಾಡತೊಡಗಿವೆ. ಮಗಳಿಗೋ ಮಗನಿಗೋ ಈ ವಿದ್ಯೆಯಲ್ಲಿ ನಿಜವಾದ ಒಲವಿದೆಯೇ ಎಂದು ಮೂರು ತಿಂಗಳು ಮನೆಯಲ್ಲೇ ಉಚಿತ ಪಾಠ ಕಲಿಯಲು ಬಿಟ್ಟು ನೋಡಿ, ಅನಂತರ ಮೆಣಸು ಅಡವಿಡುವ ಮಾತಾಡಬಹುದು. ಆ ಮೂರು ತಿಂಗಳಲ್ಲಿ ತೋಟದ ಲೆಕ್ಕವನ್ನಾದರೂ ಕಂಪ್ಯೂಟರಿಗೆ ಏರಿಸಿಕೊಟ್ಟಾರು.

ಪರೀಕ್ಷೆಯ ದಿನದ ಬಗ್ಗೆ ಒಂದು ಸೂಚನೆ. ಮನೆಯಿಂದಲೇ ಬರೆಯುವ ಸೌಲಭ್ಯ ಹಲವಕ್ಕೆ ಉಂಟಾದರೂ, ನಡುವೆ ಸಂಪರ್ಕ ಕಡಿದರೆ ಪರೀಕ್ಷೆಯೇ ಕೈತಪ್ಪಬಹುದು. ಆಷಾಢದ ಗಾಳಿಗೆ ಕಂಬ ಉರುಳುವ ನಮ್ಮ ಸೀಮೆಯವರು ಪರೀಕ್ಷಾ ಕೇಂದ್ರವಿರುವ ಪಟ್ಟಣಕ್ಕೆ ಹೋಗಿ ಬರೆಯುವುದೇ ಲೇಸು. ನೋಂದಾಯಿಸುವಾಗ ಹೆಸರು ಗುರುತುಪತ್ರದಲ್ಲಿರುವಂತೆಯೇ ಅಕ್ಷರಕ್ಕಕ್ಷರ ಇರಬೇಕು. ಒಂದರಲ್ಲಿ ಇನಿಷಿಯಲ್ಲು ಹಿಂದೆ, ಇನ್ನೊಂದರಲ್ಲಿ ಊರಿನ ಹೆಸರು ಮುಂದೆ ಎಂಬಂತಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ, ಕಟ್ಟಿದ ಶುಲ್ಕವೂ ಮರಳುವುದಿಲ್ಲ. ಪಾಸ್‌ಪೋರ್ಟು ಮಾಡಿಸಿಕೊಂಡು, ಅದರಲ್ಲಿರುವ ಹೆಸರಿನಲ್ಲೇ ನೋಂದಾಯಿಸುವುದು ಕ್ಷೇಮ.