ಬಸುರಿಯ ಕತ್ತಿನ ನರೂಲಿ

ಪ್ರಶ್ನೆ: ನನಗೀಗ ಏಳು ತಿಂಗಳು. ಕತ್ತಿನ ಸುತ್ತ, ಕಂಕುಳಲ್ಲಿ ಸಣ್ಣ ಸಣ್ಣ ನರೂಲಿ ಎದ್ದಿವೆ. ಕುದುರೆ ಕೂದಲು ಕಟ್ಟಿದರೆ ಉದುರುತ್ತವೆ ಅನ್ನುತ್ತಾರೆ ಅತ್ತೆ. ಕಟ್ಟಬಹುದೆ?

ಉತ್ತರ: ಬೇಡಮ್ಮಾ. ಅತ್ತೆಯವರ ಲೆಕ್ಕ ಪೂರ್ತಿ ತಪ್ಪಲ್ಲ. ಬಿಗಿದರೆ ರಕ್ತ ನಿಂತು ಗಂಟು ಒಣಗುವುದು ನಿಜ. ಆದರೆ ಬೆವರುವ ಕಂಕುಳಲ್ಲಿ ಅದು ಕೀವಾಗುವ ಅಪಾಯವಿದೆ. ಕೆಲವರು ಹೇಳುವಂತೆ ಸುಣ್ಣ-ಸೋಡಾ ಹಚ್ಚುವುದಂತೂ ಚರ್ಮ ಸುಟ್ಟುಕೊಂಡಂತೆ.

ನರೂಲಿ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎರಡನ್ನು. ಒರಟಾದದ್ದು ವೈರಸ್ಸಿನಿಂದ ಬರುವಂಥದ್ದು, ಅಂಟುತ್ತದೆ. ನಿಮ್ಮದು ಮೆತ್ತಗೆ, ತೊಟ್ಟಿನಲ್ಲಿ ಜೋತಾಡುತ್ತಿದ್ದರೆ ಅದು ಸ್ಕಿನ್ ಟ್ಯಾಗ್. ಯಾರಿಗೂ ಅಂಟದು, ಮಗುವಿಗೂ ತೊಂದರೆಯಿಲ್ಲ. ಬಸಿರಿನ ಹಾರ್ಮೋನು, ಏರುವ ತೂಕ, ಚರ್ಮದ ಮಡಿಕೆಗಳ ಉಜ್ಜಾಟ ಇದಕ್ಕೆ ಕಾರಣ. ಹೆರಿಗೆಯಾದ ಮೇಲೆ ಕೆಲವು ತಾವೇ ಕುಗ್ಗುತ್ತವೆ, ಹಾಗಾಗಿ ಕಾಯುವುದೇ ಜಾಣತನ.

ತಾಳಿಸರಕ್ಕೋ ರವಿಕೆಗೋ ಸಿಕ್ಕಿ ನೋಯುತ್ತಿದ್ದರೆ ಚರ್ಮವೈದ್ಯರಲ್ಲಿಗೆ ಹೋಗಿ. ಬಸುರಿ ಎಂದು ಮೊದಲೇ ಹೇಳಿ. ಆ ಜಾಗವನ್ನಷ್ಟೇ ಮರಗಟ್ಟಿಸಿ ಕತ್ತರಿಸುವುದು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು ಬಸುರಿಯಲ್ಲೂ ಸಾಮಾನ್ಯವಾಗಿ ಸುರಕ್ಷಿತ. ಅಂಗಡಿಯ ನರೂಲಿ ಔಷಧಿ ಮುಟ್ಟಬೇಡಿ. ಪೊಡೊಫಿಲಿನ್ ಎಂಬುದಂತೂ ಗರ್ಭಕ್ಕೆ ಅಪಾಯ.

ಬಣ್ಣ ಬದಲಾದರೆ, ರಕ್ತ ಒಸರಿದರೆ, ಬೇಗ ಬೆಳೆದರೆ ತಡಮಾಡದೆ ತೋರಿಸಿ. ಕತ್ತು ಕಪ್ಪಾಗಿ ದಪ್ಪಗಾಗಿದ್ದರೆ ಸಕ್ಕರೆ ಪರೀಕ್ಷೆ ಆಗಿದೆಯೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಹೆರಿಗೆಯವರೆಗೆ ಸಡಿಲ ಹತ್ತಿ ರವಿಕೆ ಹಾಕಿಕೊಳ್ಳಿ, ಸರ ಬಿಚ್ಚಿಡಲು ಅತ್ತೆ ಒಪ್ಪಿದರೆ ಇನ್ನೂ ಒಳ್ಳೆಯದು.